ಅಂವ ಎದ್ದು ಹೋದಮ್ಯಾಲೆ

ಮೊನ್ನೆ ರಾರಾವಿಯ ಕೇರಿ ಕಟ್ಟೆ ಮೇಲೆ ಕೂತು ನಮ್ಮ ಹುಡುಗರು ಕವಿತೆ ಓದಿದರು. ಡಿಗ್ರಿ ಓದುತ್ತಿರುವ ಒಬ್ಬ ಒಂದು ರಾತ್ರಿಯ ಕೂಟದ ಬಗ್ಗೆ ಬರೆದಿದ್ದ. ಹೆಸರು ಕೇಳಿಲ್ಲ, ಪ್ರೀತಿಯ ಮಾತಿಲ್ಲ, ಬೆಳಗಾದರೆ ಅವರವರ ದಾರಿ ಅವರಿಗೆ. 'ಭಾಳ ಚಲೋ ಐತಿ, ದಿಟ್ಟ ಕವಿತೆ' ಅಂದ್ವಿ. ನಾನೂ ಅಂದೆ.

ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: "ಅಂವ ಎದ್ದು ಹೋದಮ್ಯಾಲೆ ಆಕಿಗೆ ಏನಾತಪಾ?"

ಹುಡುಗ ಸುಮ್ಮನಾದ. ಕವಿತೆ ಅಲ್ಲಿಗೇ ಮುಗಿದಿತ್ತು.

ಆ ಅಜ್ಜಿಗೆ ಏನೂ ತಿಳಿಯದ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. ಮನಸ್ಸಿಲ್ಲದ ಮೈಸಂಗ ಅನ್ನೋದು ಅವರು ಆರಿಸಿಕೊಂಡಿದ್ದಲ್ಲ, ಊರು ಹೊರಿಸಿದ್ದು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ದೇವದಾಸಿ ತಾಯಂದಿರ ಬಗ್ಗೆ ನಾನೂ ಒಮ್ಮೆ ಕವಿತೆ ಬರೆದಿದ್ದೆ. ಅದರಲ್ಲಿ ಬಿಟ್ಟು ಹೋದವನಿಗಾಗಿ ಆಕೆ ದೀಪ ಹಚ್ಚಿ ಕಾಯುತ್ತಾಳೆ. ಸಭೆಗಳಲ್ಲಿ ಚಪ್ಪಾಳೆ ಬಿದ್ದಿತ್ತು. ಅವತ್ತು ಅಜ್ಜಿಗೆ ಅದನ್ನ ಹೇಳಿದೆ. ನಕ್ಕುಬಿಟ್ಟರು. "ಅಂವಗ್ಯಾಕ ದೀಪ ಹಚ್ಚಲಿ ತಮ್ಮಾ? ಎಣ್ಣಿ ರೊಕ್ಕ ಅಂವ ಕೊಡ್ತಿದ್ನೇನು? ನನ್ನ ಮನಸು ಮಕ್ಕಳ ಮ್ಯಾಲಿತ್ತು. ಅಂವನ ಕೈಗೆ ಅದು ಸಿಗಲಿಲ್ಲ."

ಹುಡುಗ ಆಕೆಯನ್ನು ಮರೆತಿದ್ದ. ನಾನು ಆಕೆಗೆ ಇಲ್ಲದ ವಿರಹ ಹಚ್ಚಿದ್ದೆ. ಇಬ್ಬರೂ ಕೇಳಿ ಬರೆದವರಲ್ಲ.

ಈ ಚಾಳಿ ಹಳೇದು. ಹತ್ತನೇ ಶತಮಾನದ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ಸೂಳೆಗೇರಿಯನ್ನು ವರ್ಣಿಸುತ್ತಾನೆ. ಅಲ್ಲಿ ದಾರಿಯಲ್ಲಿ ಹೋಗುವ ಗಂಡಸು ನೋಡುತ್ತಾನೆ, ಮನೆಯೊಳಗಿನವಳು ನೋಟಕ್ಕೆ ಸಿಗುತ್ತಾಳೆ. ಆ ಮನೆಯೊಳಗಿಂದಲೇ ಮಾತಾಡಿದವಳು 12ನೇ ಶತಮಾನದ ಸೂಳೆ ಸಂಕವ್ವೆ. ನಮಗೆ ಸಿಕ್ಕಿರೋದು ಆಕೆಯ ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಅದರಲ್ಲಿ ಪ್ರೇಮದ ಮಾತಿಲ್ಲ, ಕಣ್ಣೀರೂ ಇಲ್ಲ. 'ಒತ್ತೆ' ಇದೆ, ಅಂದರೆ ಆ ಕಸುಬಿನಲ್ಲಿ ಪಡೆಯುವ ಹಣ. ಒಬ್ಬನ ಒತ್ತೆ ಹಿಡಿದಮೇಲೆ ಇನ್ನೊಬ್ಬನದನ್ನು ಹಿಡಿಯುವುದಿಲ್ಲ ಅನ್ನುತ್ತಾಳೆ. ತಪ್ಪಿದರೆ ತನಗೇನು ಶಿಕ್ಷೆ ಅಂತಲೂ ಹೇಳುತ್ತಾಳೆ. ಕಸುಬಿನ ಮಾತನ್ನೇ ಎತ್ತಿ ತನ್ನ ನಿಷ್ಠೆಗೆ ಅಳತೆ ಮಾಡಿಕೊಂಡಳು. ಮೈ ಮಾರಿದವಳಿಗೆ ಮಾತಿನ ಬೆಲೆ ಗೊತ್ತಿಲ್ಲ ಅನ್ನುವವರಿಗೆ ಆ ಒಂದು ವಚನ ಸಾಕು.

ಒಂದು ಮಾತು ಸ್ಪಷ್ಟ ಇರಲಿ. ಬಂಧನ ಬೇಡ ಅಂತ ಇಬ್ಬರು ವಯಸ್ಕರು ಒಪ್ಪಿ ಕೂಡಿದರೆ ಅದು ಪಾಪ ಅನ್ನೋನು ನಾನಲ್ಲ. ಹೆಣ್ಣಿನ ಆಸೆಗೆ ಕಾವಲು ಹಾಕೋದು ಜಾತಿಯ ಕೆಲಸ, ನಮ್ಮದಲ್ಲ. ಆದರೆ ಇಬ್ಬರಿಗೂ ಎದ್ದು ಹೋಗುವ ಹಕ್ಕು ಇತ್ತಾ? ಅದನ್ನ ಕೇಳದ ಕವಿತೆ, ಗೌಡನ ಮನೆಯವನ ಸುಖವನ್ನೇ ಸ್ವಾತಂತ್ರ್ಯ ಅಂತ ಹಾಡುತ್ತೆ.

ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ ಆದದ್ದು 1982ರಲ್ಲಿ. ಕಾಯ್ದೆ ಮುತ್ತು ಕಟ್ಟೋದನ್ನ ಅಪರಾಧ ಮಾಡಿತು. ಆ ತಾಯಂದಿರ ಮಕ್ಕಳನ್ನು ನೋಡಿ "ನಿಮ್ಮಪ್ಪ ಯಾರು?" ಅಂತ ನಗೋ ಬಾಯಿಗೆ ಬೀಗ ಹಾಕಲಿಲ್ಲ. ಆ ಬೀಗ ನಾವು ಹಾಕಬೇಕು, ಕವಿತೆಯಲ್ಲೂ.

ಆ ಹುಡುಗ ಕವಿತೆ ಹರಿದು ಹಾಕಲಿಲ್ಲ, ಒಳ್ಳೇದಾಯ್ತು. ಮರುದಿನ ಅಜ್ಜಿ ಮನೆಗೆ ಹೋಗಿ, "ಯವ್ವಾ, ಆಮ್ಯಾಲೆ ಏನಾತು, ನೀವ ಹೇಳ್ರಿ" ಅಂತ ಕೂತನಂತೆ. "ಹೇಳ್ತೀನಿ. ಆದ್ರ ನನ್ನ ಹೆಸರು ಬರೀಬ್ಯಾಡ" ಅಂದರಂತೆ.

ನಾನೂ ಬರೆದಿಲ್ಲ. ನನ್ನ ದೀಪದ ಕವಿತೆಯನ್ನು ಇನ್ಮುಂದೆ ಯಾವ ಸಭೆಯಲ್ಲೂ ಓದೋದಿಲ್ಲ.

ಜೈಭೀಮ್.