ಏಕಾಕಿಯ ಸನ್ನಾಹ

ಒಬ್ಬನೇ ಹೋಗಿಬರುತ್ತೇನೆಂದು ಹೇಳುವ ಗೃಹಸ್ಥನ ಮಾತನ್ನು ನಮ್ಮ ಜನ ಸುಲಭವಾಗಿ ನಂಬುವುದಿಲ್ಲ. ಮನೆಯಲ್ಲಿ ಮುನಿದು ಹೊರಟವನು, ವೈರಾಗ್ಯ ಹುಟ್ಟಿ ಹೊರಟವನು, ಕೋರ್ಟಿನ ವಾಯಿದೆಗೆಂದು ಹೊರಟವನು, ಈ ಮೂವರಿಗಲ್ಲದೆ ಏಕಾಕಿಯಾಗಿ ಪ್ರಯಾಣ ಮಾಡುವ ಅಧಿಕಾರವನ್ನು ನಮ್ಮ ಸಮಾಜ ಇನ್ನಾರಿಗೂ ಕೊಟ್ಟಂತೆ ತೋರುವುದಿಲ್ಲ. ಆದುದರಿಂದ, ಗ್ರೀಸ್ ದೇಶದ ಅಮೋರ್ಗೊಸ್ ಎಂಬ ಸಣ್ಣ ದ್ವೀಪಕ್ಕೆ ಹೋಗಿ ಅಲ್ಲಿಯ ಕಲ್ಲುಹಾದಿಗಳಲ್ಲಿ ಒಂದು ವಾರಕ್ಕೆ ಮಿಗಿಲಾಗಿ ಒಬ್ಬನೇ ನಡೆದು ಬರಬೇಕೆಂಬ ಸಂಕಲ್ಪವನ್ನು ಪ್ರಕಟಿಸಿದ ದಿನ, ನನಗೆ ಯಾರ ಮೇಲೂ ಕೋಪವಿಲ್ಲವೆಂದೂ, ಸಂಸಾರದಲ್ಲಿ ಬೇಸರ ಹುಟ್ಟಿಲ್ಲವೆಂದೂ, ಯಾವ ನ್ಯಾಯಾಲಯದಲ್ಲಿಯೂ ನನ್ನ ವ್ಯಾಜ್ಯವಿಲ್ಲವೆಂದೂ ಮೊದಲು ಸ್ಥಾಪಿಸಬೇಕಾಯಿತು. ಅದೆಲ್ಲ ಆದಮೇಲೆ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಪ್ಪಾ, ಆ ಗುಡ್ಡದ ಮೇಲೆ ಕಾಲು ಉಳುಕಿದರೆ ಯಾರನ್ನ ಕರೀತೀಯ?” ಯುರೋಪಿನಲ್ಲೆಲ್ಲ 112 ಎಂಬ ಸಂಖ್ಯೆಗೆ ಕರೆ ಮಾಡಬಹುದೆಂದು ಹೇಳಿ ಅವಳ ಬಾಯಿ ಮುಚ್ಚಿಸಿದೆನಾದರೂ, ಪ್ರಶ್ನೆ ಮಾತ್ರ ನನ್ನನ್ನು ಬಿಡದೆ, ಸಿದ್ಧತೆಯ ಒಂದೊಂದು ಹೆಜ್ಜೆಯಲ್ಲಿಯೂ ಒಂದೊಂದು ವೇಷದಲ್ಲಿ ಎದುರಾಗತೊಡಗಿತು.

ಏಜಿಯನ್ ಸಮುದ್ರದಲ್ಲಿ ಚೆದರಿಬಿದ್ದಿರುವ ಸೈಕ್ಲಡೀಸ್ ದ್ವೀಪಸಮೂಹದಲ್ಲಿ ಅಮೋರ್ಗೊಸ್ ಎಲ್ಲಕ್ಕಿಂತ ಪೂರ್ವದ್ದು. ಉದ್ದ ಸುಮಾರು 33 ಕಿಲೋಮೀಟರು. ಅಗಲ ಅದಕ್ಕೆ ಹೋಲಿಸಿದರೆ ತೀರ ಕಡಿಮೆ. ನಿವಾಸಿಗಳು ಹೆಚ್ಚುಕಡಿಮೆ 2,000 ಮಂದಿ. ಅನತಿದೂರದ ಸ್ಯಾಂಟೊರಿನಿಗೆ ವಿಮಾನಗಳೂ ವಿಹಾರನೌಕೆಗಳೂ ದಿನದಿನವೂ ಜನಸ್ತೋಮವನ್ನು ತಂದು ಸುರಿಯುತ್ತಿದ್ದರೆ, ಈ ದ್ವೀಪದಲ್ಲಿ ವಿಮಾನನಿಲ್ದಾಣವೇ ಇಲ್ಲದಿರುವುದು ಅದರ ಪೂರ್ವಪುಣ್ಯವೆಂದೇ ಹೇಳಬೇಕು. ಹೋಗಬೇಕಾದವನು ಅಥೆನ್ಸಿನ ಬಂದರಾದ ಪಿರೇಯಸ್ಸಿನಲ್ಲಿ ದೊಡ್ಡ ಹಡಗನ್ನು ಹತ್ತಿ ಎಂಟೊಂಬತ್ತು ಗಂಟೆ ಕಡಲಿನ ಮೇಲೆ ಕುಳಿತಿರಬೇಕು. ಇಲ್ಲವೆ ನಾಕ್ಸೊಸ್ ದ್ವೀಪದವರೆಗೆ ಹೋಗಿ, ಅಲ್ಲಿಂದ ಎಕ್ಸ್‌ಪ್ರೆಸ್ ಸ್ಕೊಪೆಲಿಟಿಸ್ ಎಂಬ ಪುಟ್ಟ ಹಡಗಿನಲ್ಲಿ ಇರಾಕ್ಲಿಯ, ಸ್ಕಿನೂಸ, ಕೂಫೊನಿಸಿ ಎಂಬ ಚಿಕ್ಕಚಿಕ್ಕ ದ್ವೀಪಗಳ ಬಾಗಿಲು ತಟ್ಟುತ್ತ ಸಾವಕಾಶವಾಗಿ ತಲುಪಬೇಕು. ಪಿರೇಯಸ್ಸನ್ನು ಬಿಡುವಾಗ ಪಶ್ಚಿಮಕ್ಕೆ ಸಲಾಮಿಸ್ ದ್ವೀಪವಿದೆಯೆಂಬುದನ್ನು ನಕ್ಷೆಯಲ್ಲಿ ಕಂಡಾಗ ನನಗೆ ಆದ ಸಂತೋಷ ಸಾಮಾನ್ಯವಾದುದಲ್ಲ; ಕ್ರಿ.ಪೂ. 480ರಲ್ಲಿ ಪಾರಸಿಕರ ನೌಕಾಬಲ ನುಚ್ಚುನೂರಾದ ಆ ಜಲಸಂಧಿಯನ್ನು, ಬಿ.ಎಂ. ಶ್ರೀಕಂಠಯ್ಯನವರು ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಿಸಿದ ಕಾರಣದಿಂದ, ಕಣ್ಣಿನಿಂದ ಕಾಣುವುದಕ್ಕೆ ಎಷ್ಟೋ ಮೊದಲು ನಮ್ಮಲ್ಲಿ ಅನೇಕರು ಕಿವಿಯಿಂದ ಕಂಡಿರುವೆವಷ್ಟೆ.

ಕಾಲನಡಿಗೆಯವನಿಗೆ ಮೊದಲ ಸಹವಾಸಿ ನಕ್ಷೆ. ಅಥೆನ್ಸಿನ ಅನವಾಸಿ ಎಂಬ ಪ್ರಕಾಶಕರು ಕಾಲುಹಾದಿಗಳನ್ನೆಲ್ಲ ಗುರುತಿಸಿ ಅಚ್ಚುಹಾಕಿರುವ ದ್ವೀಪನಕ್ಷೆಯನ್ನು ಮೇಜಿನ ಮೇಲೆ ಹರವಿಕೊಂಡು, ಮಂದವಾದ ಕಂದುಬಣ್ಣದ ಸಮೋನ್ನತ ರೇಖೆಗಳನ್ನು ಬೆರಳಿನಿಂದ ಹಿಂಬಾಲಿಸುತ್ತ ಕುಳಿತರೆ ರಾತ್ರಿ ಹೊತ್ತು ಸರಿದದ್ದು ತಿಳಿಯುವುದಿಲ್ಲ. ರೇಖೆಗಳು ದೂರದೂರವಾಗಿದ್ದಲ್ಲಿ ಬೆರಳು ಸರಾಗವಾಗಿ ಓಡುವುದು. ಒತ್ತೊತ್ತಾಗಿ ಒಂದರ ಮೇಲೊಂದು ಬಿದ್ದಂತಿರುವಲ್ಲಿ, ಅಂದರೆ ದ್ವೀಪದ ಆಗ್ನೇಯ ಮಗ್ಗುಲಲ್ಲಿ ಪರ್ವತವು ನೆಟ್ಟಗೆ ಕಡಲಿಗೆ ಇಳಿಯುವೆಡೆಯಲ್ಲಿ, ಕುಳಿತಲ್ಲಿಯೇ ಮೊಳಕಾಲು ನೋಯತೊಡಗುವುದು. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರವನ್ನು ಹೇಳಿದನು: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ. ಕಟಾಪೊಲದ ಬಂದರಿನಿಂದ ಬೆಟ್ಟದ ಮೇಲಿನ ಹೋರಾ ಪಟ್ಟಣಕ್ಕೆ ಹಳೆಯ ಹೇಸರಗತ್ತೆಯ ಹಾದಿಯಲ್ಲಿ 300 ಮೀಟರಿಗೂ ಮಿಕ್ಕ ಏರು. ಸೂತ್ರದ ಪ್ರಕಾರ ಒಂದೂವರೆ ಗಂಟೆ ಸಾಕು. ಆದರೆ ನೇಸ್ಮಿತನು ತನ್ನ ಲೆಕ್ಕದಲ್ಲಿ ಅರುವತ್ತು ದಾಟಿದ ಕನ್ನಡಿಗನೊಬ್ಬನು ನಡುನಡುವೆ ನಿಂತು ಕಡಲನ್ನು ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುವ ಕಾಲವನ್ನು ಸೇರಿಸಿಕೊಂಡಿಲ್ಲವಾದುದರಿಂದ, ಎರಡು ಗಂಟೆಯೆಂದು ಬರೆದುಕೊಂಡೆನು.

ಋತುವಿನ ನಿರ್ಣಯ ಅಷ್ಟು ಸರಳವಾಗಿರಲಿಲ್ಲ. ಬೇಸಿಗೆಯ ನಡುವಿನಲ್ಲಿ ದ್ವೀಪ ಬೆಂದುಹೋಗುತ್ತದೆ. ಮರದ ನೆರಳು ಅಪರೂಪ. ಮೇಲಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬಿಡದೆ ಬೀಸುವುದು. ಆಕಾಶದಲ್ಲಿ ಒಂದು ಮೋಡವೂ ಇಲ್ಲದೆ, ಬಿಸಿಲು ನಗುತ್ತಿರುವಾಗಲೇ, ನೆತ್ತಿಯ ಟೋಪಿಯನ್ನೂ ಮನುಷ್ಯನ ಧೃತಿಯನ್ನೂ ಒಟ್ಟಿಗೆ ಹಾರಿಸಿಕೊಂಡು ಹೋಗುವ ಗಾಳಿಯಿದು. ಬೋಫರ್ಟ್ ಮಾನದಲ್ಲಿ ಗಾಳಿ 8ನ್ನು ಮುಟ್ಟಿತೆಂದರೆ, ಅಂದರೆ ಗಂಟೆಗೆ 62 ಕಿಲೋಮೀಟರು ವೇಗವನ್ನು ತಲುಪಿತೆಂದರೆ, ಬಂದರಿನ ಅಧಿಕಾರಿಗಳು ಹಡಗುಗಳನ್ನು ಕಟ್ಟಿಹಾಕುವರು. ಸಣ್ಣ ನೌಕೆಗಳಿಗೆ ಅದಕ್ಕಿಂತ ಕಡಿಮೆ ಗಾಳಿಯೇ ಸಾಕು. ಆದುದರಿಂದ ಮೇ ತಿಂಗಳೇ ಪ್ರಶಸ್ತವೆಂದು ತೀರ್ಮಾನಿಸಿದೆನು. ಆಗ ತಗ್ಗುಗಳಲ್ಲಿ ಗಸಗಸೆಯ ಕೆಂಪುಹೂಗಳು ಪೂರ್ತಿಯಾಗಿ ಬಾಡಿರುವುದಿಲ್ಲ, ಕಲ್ಲುಸಂದುಗಳಲ್ಲಿ ಕಾಡುಗಿಡಮೂಲಿಕೆಗಳ ಘಮ ತುಂಬಿರುತ್ತದೆ, ಹಗಲು ದೀರ್ಘವಾಗಿರುತ್ತದೆ. ಆದರೆ ಮೇ ಒಂದರಂದೇ ಹೊರಡುವಂತಿಲ್ಲ. ಶ್ರಮಿಕರ ದಿನವೆಂದು ಅಂದು ಹಡಗಿನ ನಾವಿಕರು ಮುಷ್ಕರ ಹೂಡುವುದುಂಟು. ಈಸ್ಟರ್ ಹಬ್ಬದ ಸಮೀಪವೂ ಆಗದು. ಪೂರ್ವ ಸಂಪ್ರದಾಯದ ಪಂಚಾಂಗದಂತೆ ಅದು ಒಮ್ಮೆ 2026ರಲ್ಲಿ ಆದಂತೆ ಏಪ್ರಿಲ್ 12ಕ್ಕೂ, ಒಮ್ಮೆ 2027ರಲ್ಲಿರುವಂತೆ ಮೇ 2ಕ್ಕೂ ಬೀಳುತ್ತದೆ; ಆ ದಿನಗಳಲ್ಲಿ ಅಥೆನ್ಸಿನಲ್ಲಿ ನೆಲಸಿದ ದ್ವೀಪವಾಸಿಗಳೆಲ್ಲ ಹುಟ್ಟೂರಿಗೆ ಮರಳುವುದರಿಂದ ಹಡಗಿನಲ್ಲಿ ನಿಲ್ಲುವುದಕ್ಕೂ ತಾಣವಿರುವುದಿಲ್ಲ. ಹೀಗೆ, ಯಾರ ಹಂಗೂ ಇಲ್ಲದೆ ನಡೆಯಬೇಕೆಂದಿದ್ದವನು ವಾಯುವಿನ, ನಾವಿಕರ ಮತ್ತು ಪಂಚಾಂಗದ ಹಂಗಿಗೆ ಒಳಗಾದೆನು.

ಈ ಮೂವರಿಗಿಂತ ಕಟ್ಟುನಿಟ್ಟಾದುದು ವೀಸಾ. ಷೆಂಗೆನ್ ದೇಶಗಳ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಕೊಡಬಾರದು, ಹದಿನೈದು ದಿನಕ್ಕಿಂತ ಈಚೆಗೂ ತರಬಾರದು. ಬ್ಯಾಂಕಿನ ಲೆಕ್ಕಪತ್ರ, ಆದಾಯತೆರಿಗೆಯ ಕಾಗದ, ಕಡಮೆಯೆಂದರೆ 30,000 ಯೂರೋ ಮೊತ್ತದ ವಿಮೆ ಜೊತೆಗಿರಬೇಕು. ಈ ವಿಮೆಯು ಕಾಯಿಲೆಯ ಖರ್ಚನ್ನಷ್ಟೇ ಅಲ್ಲದೆ, ಯಾತ್ರಿಕನನ್ನು ಸಜೀವವಾಗಿಯೋ ಅನ್ಯಥಾ ಆಗಿಯೋ ಸ್ವದೇಶಕ್ಕೆ ತಲುಪಿಸುವ ವೆಚ್ಚವನ್ನೂ ಹೊರತಕ್ಕದ್ದೆಂದು ಓದಿದಾಗ, ಸರಕಾರಗಳು ಮನುಷ್ಯನ ವಿಷಯದಲ್ಲಿ ಎಷ್ಟು ದೂರ ಆಲೋಚಿಸುತ್ತವೆಂದು ಗೌರವವುಂಟಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ರಾತ್ರಿ ಯಾವ ಊರಿನಲ್ಲಿ ಯಾವ ಸೂರಿನಡಿ ಮಲಗುತ್ತೇನೆಂಬುದಕ್ಕೆ ಪುರಾವೆ ಒದಗಿಸಬೇಕು. ಕಚೇರಿ ಕೇಳುವುದು ನಿಶ್ಚಯವನ್ನು. ಏಜಿಯನ್ ಕಡಲು ಕೊಡುವುದು ಸಂಭವವನ್ನು. ಇವೆರಡರ ನಡುವೆ ಸಂಧಾನಕ್ಕೆ ಇರುವ ಉಪಾಯವೆಂದರೆ ಊರುಗಳನ್ನು ಕಡಮೆ ಮಾಡುವುದೊಂದೇ. ಮೊದಲು ದ್ವೀಪದ ಎರಡು ತುದಿಗಳನ್ನೂ ನಡುವಣ ಗ್ರಾಮಗಳನ್ನೂ ಒಂದೊಂದು ರಾತ್ರಿಯಂತೆ ಹಂಚಿದ್ದ ನಾನು, ಈಗ ಹೋರಾ ಮತ್ತು ಐಗಿಯಾಲಿ ಎಂಬ ಎರಡೇ ನೆಲೆಗಳನ್ನು ಇಟ್ಟುಕೊಂಡು, ಕೊಠಡಿಗಳನ್ನು ರದ್ದುಮಾಡಲು ಅವಕಾಶವಿರುವಂತೆ ಗೊತ್ತುಮಾಡಿ, ವಿಮಾನಕ್ಕೆ ಮುನ್ನಿನ ದಿನಗಳನ್ನು ಅಥೆನ್ಸಿನಲ್ಲಿ ಕಳೆಯುವುದೆಂದು ಕಾಣಿಸಿದೆನು. ಕಾಗದದಲ್ಲಿ ಅದು ವಸ್ತುಸಂಗ್ರಹಾಲಯ ನೋಡುವುದಕ್ಕೆ. ನಿಜದಲ್ಲಿ ಗಾಳಿಗೆ ಕೊಡಬೇಕಾದ ತೆರಿಗೆ.

ಐಗಿಯಾಲಿಯಲ್ಲಿ ಕೈಗೊಳ್ಳಬೇಕಾದ ನಡಿಗೆಗಳು ಕರುಣೆಯುಳ್ಳವು. ಕೊಲ್ಲಿಯ ಮೇಲಣ ಲಂಗಾಡ, ಥೊಲಾರಿಯ ಎಂಬ ಎರಡು ಬಿಳಿಯ ಹಳ್ಳಿಗಳನ್ನು ಸೇರಿಸುವ ಸುತ್ತುಹಾದಿಯನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಬಹುದು. ನನ್ನ ಚಿತ್ತವೆಲ್ಲ ನೆಟ್ಟಿರುವುದು ಹೋರಾದಿಂದ ಐಗಿಯಾಲಿಗೆ ದ್ವೀಪದ ಬೆನ್ನೆಲುಬಿನ ಗುಂಟ ಹೋಗುವ ಹಳೆಯ ಹೆದ್ದಾರಿಯ ಮೇಲೆ. ಮೋಟಾರು ರಸ್ತೆ ಬರುವುದಕ್ಕೆ ಮುಂಚೆ ಜನರೂ ಹೇಸರಗತ್ತೆಗಳೂ ಓಡಾಡುತ್ತಿದ್ದುದು ಇಲ್ಲಿಯೇ. ನಾಲ್ಕೈದು ಗಂಟೆಯ ಹಾದಿ. ಇಕ್ಕೆಲದಲ್ಲಿ ಗಾರೆಯ ಸ್ಪರ್ಶವಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು. ಈ ಬರಿಗಲ್ಲಿನ ಗೋಡೆ ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಗ್ರೀಸನ್ನೂ ಒಳಗೊಂಡ ಹಲವು ದೇಶಗಳ ಪರಂಪರೆಯೆಂದು ಮಾನ್ಯಮಾಡಿತು. ಗೋಡೆಯ ನಡುವೆ ಆಡು ದಾಟದಂತೆ ತಂತಿಯಿಂದ ಬಿಗಿದ ದಡ್ಡೆಗಳಿರುತ್ತವೆ. ಬಿಚ್ಚಿ ದಾಟಿದವನು ಮತ್ತೆ ಬಿಗಿದು ಹೋಗತಕ್ಕದ್ದೆಂಬುದು ಅಲ್ಲಿಯ ಶಿಷ್ಟಾಚಾರ. ನಡುದಾರಿಯ ಅಸ್ಫೊಂಡಿಲಿಟಿಸ್ ಎಂಬ ಕೊಪ್ಪಲು ಈಗ ಬಹುಮಟ್ಟಿಗೆ ಪಾಳು. ಆದರೆ ಹಿಂದೆ ಊರಿನವನೊಬ್ಬನು ಬಂಡೆಗಳ ಮೇಲೆ ಕೊರೆದ ಮನುಷ್ಯಾಕೃತಿಗಳು ಇನ್ನೂ ಉಳಿದಿವೆ. ಅಂಗಡಿಯಿಲ್ಲ, ನೀರಿನ ಭರವಸೆಯಿಲ್ಲ. ಮೂರು ಲೀಟರು ನೀರನ್ನು ಬೆನ್ನಮೇಲೆ ಹೊರಲೇಬೇಕು.

ಆ ಹಾದಿಯ ಆರಂಭದಲ್ಲಿಯೇ ಹೊಜೊವಿಯೋಟಿಸ್ಸ ಎಂಬ ಮಠವಿದೆ. ಕಡಲಿಗಿಂತ ಸುಮಾರು 300 ಮೀಟರು ಎತ್ತರದಲ್ಲಿ, ನೆಟ್ಟಗೆ ನಿಂತ ಕಡಿದಾದ ಬಂಡೆಗೆ ಬೆನ್ನು ಹಚ್ಚಿ, ಎಂಟು ಅಂತಸ್ತಿನ ಶುಭ್ರಧವಳವಾದ ಕಟ್ಟಡ; ಅಗಲ ಮಾತ್ರ ಐದು ಮೀಟರು ಮೀರದು. 1088ರಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಅಲೆಕ್ಸಿಯೋಸ್ ಕೊಮ್ನೆನೋಸನು ಇದನ್ನು ಪುನಃಸ್ಥಾಪಿಸಿದನೆಂದೂ, ಒಳಗಿನ ಯೇಸುಮಾತೆಯ ಚಿತ್ರಪಟ ಪ್ಯಾಲೆಸ್ಟೈನಿನಿಂದ ಕಡಲಿನ ಮೇಲೆ ತೇಲಿಬಂದಿತೆಂದೂ ಐತಿಹ್ಯ ಹೇಳುತ್ತದೆ. ಬೆಳಗ್ಗೆ ಕೆಲವು ಗಂಟೆ, ಸಂಜೆ ಸ್ವಲ್ಪ ಹೊತ್ತು ಮಾತ್ರ ಬಾಗಿಲು ತೆರೆದಿರುತ್ತದೆ. ಗಂಡಸರು ಉದ್ದನೆಯ ಷರಾಯಿಯನ್ನು ತೊಟ್ಟೇ ಒಳಹೊಗಬೇಕು. ಆ ಬಾಗಿಲು ಎಷ್ಟು ತಗ್ಗಾಗಿದೆಯೆಂದರೆ ನಾಸ್ತಿಕನೂ ತಲೆಬಾಗಿಯೇ ಪ್ರವೇಶಿಸುವನು. ಮೆಟ್ಟಿಲೇರಿ ಬಂದವರಿಗೆ ಗುರುತುಪರಿಚಯ ಕೇಳದೆ ತಣ್ಣೀರು, ಲೂಕೂಮಿ ಎಂಬ ಮಿಠಾಯಿ, ಜೇನು ಮತ್ತು ಮಸಾಲೆ ಹಾಕಿ ಕಾಯಿಸಿದ ಸ್ಥಳೀಯ ಮದ್ಯದ ಒಂದು ಪುಟ್ಟ ಬಟ್ಟಲು, ಇವನ್ನು ಕೊಡುವುದು ಮಠದ ವಾಡಿಕೆ. ನನ್ನ ನಡಿಗೆಯ ವೇಳಾಪಟ್ಟಿಯೆಲ್ಲ ಈ ಬಾಗಿಲಿನ ಹೊತ್ತನ್ನು ಅನುಸರಿಸಿ ಹಿಂದಕ್ಕೂ ಮುಂದಕ್ಕೂ ಸರಿಯಬೇಕಾಯಿತು.

ಊಟದ ಚಿಂತೆ ಮನೆಯವರದೇ ಹೊರತು ನನ್ನದಲ್ಲ. ಆಡಿನ ಮಾಂಸಕ್ಕೂ ಆಲೂಗಡ್ಡೆಗೂ ಪ್ರಸಿದ್ಧವಾದ ದ್ವೀಪದಲ್ಲಿ ಸಸ್ಯಾಹಾರಿಯ ಗತಿಯೇನೆಂದು ಅವರು ಮರುಗುತ್ತಿದ್ದರೆ, ಗ್ರೀಕರ ಧರ್ಮವೇ ನನ್ನ ಪಾಲಿಗೆ ಒದಗಿಬಂದಿತು: ಅವರ ಉಪವಾಸದ ದಿನಗಳು ವರ್ಷದಲ್ಲಿ ಹೇರಳವಾಗಿದ್ದು, ಆ ದಿನಗಳಿಗೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆಯ ಪದ್ಧತಿಯೇ ಬೇರೆಯಾಗಿ ಬೆಳೆದಿದೆ. ಅದನ್ನು ನಿಸ್ಟಿಸಿಮೊ ಎನ್ನುವರು. ಚಿಪ್ಪುಮೀನು ಆ ನಿಷೇಧದಿಂದ ತಪ್ಪಿಸಿಕೊಂಡಿರುವುದರಿಂದ ಇನ್ನೊಂದು ಮಾತು ಕೇಳಿಕೊಳ್ಳುವುದು ಕ್ಷೇಮ. ಫಾವಾ ಎಂಬ ಹಳದಿ ಬೇಳೆಯ ಖಾದ್ಯವಂತೂ, ಆಲಿವ್ ಎಣ್ಣೆಯನ್ನೂ ಹಸಿ ಈರುಳ್ಳಿಯನ್ನೂ ಕ್ಷಮಿಸಿಬಿಟ್ಟರೆ, ನಮ್ಮ ಗಟ್ಟಿ ತೊವ್ವೆಯ ದಾಯಾದಿಯೇ ಸರಿ. ದಾರಿಯ ಬುತ್ತಿಗೆ ಎಳ್ಳು ಜೇನುಗಳನ್ನು ಕುದಿಸಿ ನಿಂಬೆಯೆಲೆಯ ಮೇಲೆ ಹಚ್ಚಿಕೊಡುವ ಪಸ್ತೇಲಿ ಇದೆ. ಗಂಟಿನಲ್ಲಿ ಇನ್ನುಳಿದುದು ಮುಳ್ಳುಗಿಡಗಳಿಗೆ ಜಗ್ಗದ ಷರಾಯಿ, ಪಾದಕ್ಕೆ ಪಳಗಿದ ಹಳೆಯ ಬೂಟು, ಒಂದು ಊರುಗೋಲು, ಸೀಟಿ, ಕೈದೀಪ.

ಅಪಾಯದ ಮಾತನ್ನು ಮರೆಸುವುದು ನ್ಯಾಯವಲ್ಲ. 1956ರ ಜುಲೈ 9ರಂದು ಅಮೋರ್ಗೊಸಿಗೂ ಸ್ಯಾಂಟೊರಿನಿಗೂ ನಡುವಣ ಕಡಲ ತಳದಲ್ಲಿ ಹುಟ್ಟಿದ ಮಹಾಭೂಕಂಪ ದೈತ್ಯತರಂಗಗಳನ್ನೆಬ್ಬಿಸಿತು. 2025ರ ಮೊದಲ ತಿಂಗಳುಗಳಲ್ಲಿಯೂ ಅದೇ ಎಡೆಯಲ್ಲಿ ಸಾವಿರಾರು ಕಂಪನಗಳಾಗಿ ದ್ವೀಪದಲ್ಲಿ ತುರ್ತುಪರಿಸ್ಥಿತಿಯನ್ನು ಸಾರಿದ್ದರು. ಭೂಮಿ ನಡುಗುವುದನ್ನು ಯಾರ ಯೋಜನೆಯೂ ತಡೆಯಲಾರದು. ಯೋಜನೆಯಿಂದ ಆಗುವುದಿಷ್ಟೆ: ಬಂಡೆಯುರುಳುವ ಕಡಿದಾದ ಮಗ್ಗುಲು ಯಾವುದು, ಬಿದ್ದವನನ್ನು ಸಂಜೆಯೊಳಗೆ ಹುಡುಕಬಲ್ಲವರು ಯಾರು, ಇವನ್ನು ಮುಂದಾಗಿ ತಿಳಿದಿಡುವುದು.

ಈ ‘ಯಾರು’ ಎಂಬುದನ್ನು ಬರೆದುಕೊಳ್ಳುತ್ತ ಹೋದಂತೆ ಪಟ್ಟಿ ಬೆಳೆಯಿತು. ಹಡಗು ನಡುರಾತ್ರಿ ಕಳೆದು ತಲುಪಿದರೂ ದಕ್ಕೆಗೆ ಬಂದು ಅತಿಥಿಯನ್ನು ಕರೆದೊಯ್ಯುವ ಮನೆಯೊಡತಿ. ದಿನಕ್ಕೆ ಕೆಲವೇ ಸಲ ಐಗಿಯಾಲಿಗೂ ಹೋರಾಕ್ಕೂ ನಡುವೆ ಓಡುವ ಬಸ್ಸಿನ ಚಾಲಕ. ಹಾದಿ ಕವಲೊಡೆಯುವಲ್ಲಿ ಕೆಂಪು ಬಣ್ಣದ ಚುಕ್ಕೆಯಿಟ್ಟುಹೋದ ಅಜ್ಞಾತ ಪುರುಷ. ದಡ್ಡೆಯನ್ನು ಬಿಗಿದ ಆಡುಗಾರ. ಮಠದಲ್ಲಿ ನೀರು ಕೊಡುವ ಸಂನ್ಯಾಸಿ. ಗಾಳಿಯ ಅಂಕವನ್ನು ನೋಡಿ ಹಡಗನ್ನು ನಿಲ್ಲಿಸುವ ಬಂದರಿನ ಅಧಿಕಾರಿ. ನಾಲ್ವರು ಗೆಳೆಯರೊಡನೆ ಹೊರಟವನು ಇವರಲ್ಲಿ ಯಾರನ್ನೂ ಗಮನಿಸದೆ ಬಂದುಬಿಡಬಹುದು. ದಾರಿ ತಪ್ಪಿದರೆ ಒಬ್ಬರನ್ನೊಬ್ಬರು ಬೈದುಕೊಳ್ಳುವರು, ಕಾಲು ಉಳುಕಿದರೆ ಒಬ್ಬನು ಹೆಗಲು ಕೊಡುವನು, ಗುಂಪು ತನಗೆ ತಾನೇ ಒಂದು ಗ್ರಾಮ. ಏಕಾಕಿಗೆ ಆ ಸೌಕರ್ಯವಿಲ್ಲವಾದುದರಿಂದ ದ್ವೀಪವೆಲ್ಲವೂ ಅವನ ನೆರೆಮನೆಯಾಗಬೇಕಾಗುತ್ತದೆ. ಒಬ್ಬನೇ ನಡೆಯುವೆನೆಂಬ ಸ್ವಾತಂತ್ರ್ಯ, ಅಪರಿಚಿತರು ತಂತಮ್ಮ ಕೆಲಸವನ್ನು ಸರಿಯಾಗಿ ಮಾಡುವರೆಂಬ ನಂಬಿಕೆಯ ಮೇಲೆ ಎದ್ದು ನಿಂತಿರತಕ್ಕದ್ದು. ಜನರಿಂದ ದೂರ ಹೋಗಲು ಸನ್ನಾಹ ಮಾಡುವವನಷ್ಟು ಜನರನ್ನು ಲೆಕ್ಕವಿಡುವವನು ಬೇರೊಬ್ಬನಿಲ್ಲ.

ಇಷ್ಟು ಮಂದಿಯನ್ನು ನೆಚ್ಚಿದವನಿಂದ ಅವರಿಗೆ ಸಲ್ಲತಕ್ಕದ್ದೂ ಒಂದುಂಟು. ಬೆಳಗ್ಗೆ ಹೊರಡುವಾಗ ಯಾವ ಹಾದಿಯಲ್ಲಿ ಹೋಗುವೆನೆಂದು ಮನೆಯೊಡತಿಗೆ ಹೇಳಿ, ಹೇಳಿದ ಹಾದಿಯಲ್ಲಿಯೇ ಹೋಗಿ, ಹೇಳಿದ ಹೊತ್ತಿಗೆ ಅವಳ ಕಣ್ಣಿಗೆ ಬೀಳುವುದು; ದಾರಿಯಲ್ಲಿ ಹೊಸ ಕವಲು ಎಷ್ಟೇ ಮನೋಹರವಾಗಿ ಕರೆದರೂ ಅದನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳುವುದು. ಆದುದರಿಂದ ನನ್ನ ಪಟ್ಟಿಯಲ್ಲಿ ದಿನದಿನದ ಮುಂದೆಯೂ ಹಿಂದಿರುಗುವ ಹೊತ್ತನ್ನು ಮೊದಲು ಶಾಯಿಯಲ್ಲಿ ಬರೆದು, ಹೊರಡುವ ಹೊತ್ತನ್ನು ಆಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹೊರಡುವುದು ಬೆಳಗಿನ ನಿದ್ದೆಯನ್ನೂ ಕಾಫಿಯನ್ನೂ ಅನುಸರಿಸಿ ಹೆಚ್ಚುಕಡಿಮೆಯಾದೀತು, ಹಿಂದಿರುಗುವುದು ಆಗಕೂಡದು.