ಗೋಡೆ ಮಾರಿದ ಮಾವ

ನಮ್ಮ ಸೋದರಮಾವನಿಗೆ ಇಬ್ಬರ ಮೇಲೆ ಅಪಾರ ಭಕ್ತಿ. ಒಬ್ಬ, ಅರಸೀಕೆರೆ ಹತ್ತಿರದ ಮಾಲೇಕಲ್ಲು ತಿರುಪತಿಯ ತಿಮ್ಮಪ್ಪ. ಇನ್ನೊಬ್ಬರು, ಸುಪ್ರೀಂ ಕೋರ್ಟಿನವರು. ತಿಮ್ಮಪ್ಪನದು ಮನೆತನದ ಒಕ್ಕಲು, ಕಾರಣ ಕೇಳುವ ಹಾಗಿಲ್ಲ. ಸುಪ್ರೀಂ ಕೋರ್ಟಿನ ಮೇಲಿನ ಭಕ್ತಿಗೆ ಮಾತ್ರ 1958ರ ಒಂದು ತೀರ್ಪು ಕಾರಣ.

ಮಾವ ಮನೆ ಕಟ್ಟಿಕೊಡುವ ಕಂಟ್ರಾಕ್ಟರು. ಗ್ಯಾನನ್ ಡಂಕರ್ಲಿ ಎಂಬ ಕಟ್ಟಡ ಕಂಪನಿಗೂ ಮದ್ರಾಸ್ ಸರ್ಕಾರಕ್ಕೂ ನಡೆದ ವ್ಯಾಜ್ಯ ಅದು. ಕಟ್ಟಡಕ್ಕೆ ಹಾಕಿದ ಸಾಮಾನಿನ ಬೆಲೆಗೆ ಮಾರಾಟ ತೆರಿಗೆ ಕೊಡಿ ಎಂದಿತು ಸರ್ಕಾರ. ನಾವು ಮಾರಿದ್ದೆಲ್ಲಿ ಸ್ವಾಮಿ, ಕಟ್ಟಿದ್ದು ತಾನೆ ಎಂದಿತು ಕಂಪನಿ. ಕಟ್ಟಡದ ಕರಾರು ಅಖಂಡವಾದದ್ದು, ಅದನ್ನು ಸೀಳಿ ಒಳಗಿನ ಇಟ್ಟಿಗೆಯನ್ನು ಮಾರಿದ್ದು ಎನ್ನಲಾಗದು ಎಂದು ಕೋರ್ಟು ತೀರ್ಮಾನಿಸಿತು. ತೀರ್ಪಿನ ತಾರೀಖು ಏಪ್ರಿಲ್ 1. ಕಂಪನಿಯ ಹೆಸರನ್ನು ಮಾವ ‘ಗಣಂಡಂಕ್ರಿ’ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಗೊತ್ತಿಲ್ಲದವರು ಅದನ್ನು ಯಾವುದೋ ಊರಿನ ಗ್ರಾಮದೇವತೆ ಎಂದುಕೊಳ್ಳುತ್ತಿದ್ದರು.

ಇದನ್ನೆಲ್ಲ ಮಾವನ ತಲೆಗೆ ತುಂಬಿದವರು ಲೆಕ್ಕದ ರಾಯರು. ಮಾರಾಟ ತೆರಿಗೆ ಪ್ರಾಕ್ಟೀಷನರು. ಕೊಬ್ಬರಿ ಮಂಡಿಯ ಮೇಲಿನ ಅವರ ಕೋಣೆಯಲ್ಲಿ ಫೈಲುಗಳಿಗೂ ಕೊಬ್ಬರಿಯ ಕಮಟು. ಊರಿನ ಅರ್ಧ ಅಂಗಡಿಗಳ ಲೆಕ್ಕ ಅವರ ಹತ್ತಿರ, ಊರಿನ ಎಲ್ಲ ಅಂಗಡಿಗಳ ಗುಟ್ಟೂ ಅವರ ಹತ್ತಿರ. ಸಂಗೀತದ ಹುಚ್ಚು ಬೇರೆ. ಆ ತೀರ್ಪು ಬರೆದ ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್ 1944ರ ಸಂಗೀತ ಕಲಾನಿಧಿ, ದೀಕ್ಷಿತರ ಕೃತಿಗಳಲ್ಲಿ ಪಂಡಿತರು. ರಾಯರಿಗೆ ಇಷ್ಟೇ ಸಾಕಾಗಿತ್ತು. “ಕೃತಿಯಿಂದ ರಾಗ ಬೇರೆ, ತಾಳ ಬೇರೆ ತೂಗಿ ತೆರಿಗೆ ಹಾಕ್ತೀನಿ ಅಂದ್ರೆ ಅಯ್ಯರ್ ಒಪ್ತಾರೇನ್ರೀ ಕಂಟ್ರಾಕ್ಟರೇ?” ಎಂದು ತೊಡೆ ತಟ್ಟುತ್ತಿದ್ದರು. ಮಾವನಿಗೆ ರಾಗವೂ ಗೊತ್ತಿಲ್ಲ, ತಾಳವೂ ಗೊತ್ತಿಲ್ಲ. ಆದರೆ ಗೋಡೆಯಿಂದ ಇಟ್ಟಿಗೆ ಬೇರೆ, ಗಾರೆ ಬೇರೆ, ಬೆವರು ಬೇರೆ ಎಂದು ಎತ್ತಿಡಲಾಗದು ಎಂಬುದು ಅವರ ಅನುಭವವೇ ಆಗಿತ್ತು.

ದುಃಖದ ಸಂಗತಿ ಎಂದರೆ, ಮಾವ ಕಸುಬಿಗೆ ಇಳಿಯುವ ಹೊತ್ತಿಗೆ ಆ ತೀರ್ಪಿನ ಆಯಸ್ಸು ಮುಗಿಯುತ್ತ ಬಂದಿತ್ತು. 1982ರ ಸಂವಿಧಾನ ತಿದ್ದುಪಡಿ, ನಲವತ್ತಾರನೆಯದು, ಇಂಥ ಗುತ್ತಿಗೆಯೊಳಗಿನ ಸಾಮಾನೂ ‘ಮಾರಾಟ’ವೇ ಎಂದು ಸಾರಿತು. ಕರ್ನಾಟಕವೂ ತನ್ನ ಮಾರಾಟ ತೆರಿಗೆ ಕಾಯ್ದೆಗೆ ಅದಕ್ಕೆಂದೇ ಹೊಸ ಕಲಂ ಸೇರಿಸಿಕೊಂಡಿತು. ರಾತ್ರಿ ಕಟ್ಟುವವರಾಗಿ ಮಲಗಿದ ಮಾವ ಬೆಳಿಗ್ಗೆ ಮಾರುವವರಾಗಿ ಎದ್ದರು.

ಆ ತಿದ್ದುಪಡಿ ಹೋಟೆಲಿನವರನ್ನೂ ಬಿಡಲಿಲ್ಲ. ಇದು ರಾಯರ ಅಚ್ಚುಮೆಚ್ಚಿನ ಕಥೆ. 1978ರಲ್ಲಿ ಸುಪ್ರೀಂ ಕೋರ್ಟು, ಹೋಟೆಲಿನಲ್ಲಿ ಕೂತು ತಿನ್ನುವುದು ಮಾರಾಟವಲ್ಲ, ಉಪಚಾರ ಎಂದಿತ್ತು. ಗಿರಾಕಿ ತಿಂದು ಉಳಿದದ್ದನ್ನು ಕಟ್ಟಿಕೊಂಡು ಹೋಗುವ ಹಕ್ಕಿಲ್ಲ, ಹಾಗಾಗಿ ಅವನು ಕೊಂಡಂತಾಗಲಿಲ್ಲ ಎನ್ನುವುದೂ ಆ ತರ್ಕದ ಒಂದು ಎಳೆ. ಅಂದರೆ ಕೆಲವು ಕಾಲ ಈ ದೇಶದಲ್ಲಿ ನಾವು ತಿಂದ ಮಸಾಲೆ ದೋಸೆ ಯಾರೂ ಮಾರದ, ಯಾರೂ ಕೊಳ್ಳದ ದೋಸೆಯಾಗಿತ್ತು. ದುಡ್ಡು ಮಾತ್ರ ಕೊಡಬೇಕಾಗಿತ್ತು. ಪಕ್ಕದ ಫೋಟೋ ಸ್ಟುಡಿಯೋದವರ ಪಾಡು ಇನ್ನೂ ಚೆನ್ನ: ಫೋಟೋ ತೊಳೆದು ಕೊಡುವುದು ಕಾಗದದ ಮಾರಾಟವೋ, ಕೈಚಳಕವೋ ಎಂಬ ಜಗಳ ಕರ್ನಾಟಕದಿಂದ ದೆಹಲಿಗೆ ಹೋಗಿ, ಬಿದ್ದು, ಎದ್ದು, 2015ರಲ್ಲಿ ಸರ್ಕಾರದ ಪರ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಊರಿನವರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಇನ್ನು ವೀಳ್ಯದೆಲೆ ತರಕಾರಿಯಲ್ಲ ಎಂದು 1961ರಲ್ಲೇ ತೀರ್ಪಾಗಿದೆ. ಅದನ್ನು ಕೇಳಿ ನಮ್ಮಜ್ಜಿ, ಎಲೆ ತರಕಾರಿಯಲ್ಲ ಅನ್ನೋಕೆ ಅಷ್ಟು ಓದಿದವರು ಬೇಕಾ ಎಂದು ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡೇ ಕೇಳಿದ್ದಳು.

ಅಷ್ಟಕ್ಕೂ ನಮ್ಮಲ್ಲಿ ಮಾರಾಟ ತೆರಿಗೆ ಹುಟ್ಟಿದ್ದೇ ಕುಡಿತ ಬಿಡಿಸಲು ಹೋಗಿ. ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿ ಪಾನನಿಷೇಧ ತಂದಾಗ ಖಜಾನೆಗೆ ತೂತು ಬಿತ್ತು. ಆ ತೂತು ಮುಚ್ಚಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಬಂತು. ಆಗ ಮದ್ರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳ ಅಂಗಡಿಯವರು ಅಂದಿನಿಂದಲೇ ಲೆಕ್ಕ ಬರೆದರು. ನಮ್ಮ ಮೈಸೂರು ಸೀಮೆಯವರಿಗೆ 1948ರ ತನಕ ರಿಯಾಯಿತಿ. ಏಕೀಕರಣದ ಮರುವರ್ಷ, 1957ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ. ಕುಡುಕ ಕಟ್ಟುತ್ತಿದ್ದದ್ದನ್ನು ಕುಡಿಯದವನು ಕಟ್ಟುವಂತಾಯಿತು; ಆಮೇಲೆ ಪಾನನಿಷೇಧ ಹೋಯಿತು, ತೆರಿಗೆ ಉಳಿಯಿತು, ಈಗ ಇಬ್ಬರೂ ಕಟ್ಟುತ್ತಾರೆ.

ಮಾವನ ಕಷ್ಟ ತೆರಿಗೆ ಕಟ್ಟುವುದಾಗಿರಲಿಲ್ಲ, ಲೆಕ್ಕ ಒಪ್ಪಿಸುವುದಾಗಿತ್ತು. ಮನೆ ಕಟ್ಟಿಸುವವರು ಮೊದಲು ಕೇಳುತ್ತಿದ್ದದ್ದು, ಚದರಕ್ಕೆಷ್ಟು? ಎರಡನೆಯದು, ಮೆಟೀರಿಯಲ್ ಸೇರಿಯೋ, ಬರೀ ಲೇಬರೋ? ಮಾವ ಎಂದೂ ಮೆಟೀರಿಯಲ್ ಸೇರಿಸಿಯೇ ಒಪ್ಪಿಕೊಳ್ಳುತ್ತಿದ್ದರು. ಮನೆಯವರು ತಂದ ಮರಳಿನಲ್ಲಿ ಮಣ್ಣು ಬಂದರೆ ಬೈಗುಳ ತಮಗೆ ಬರುತ್ತದೆ ಎಂದು. ತೆರಿಗೆಯವರು ಕೇಳುತ್ತಿದ್ದದ್ದು ಬೇರೆ: ಇದರಲ್ಲಿ ಸಾಮಾನೆಷ್ಟು, ಕೂಲಿ ಎಷ್ಟು? ಕೂಲಿಯ ಭಾಗಕ್ಕೆ ತೆರಿಗೆ ಇರಲಿಲ್ಲ, ಅದಕ್ಕೆ ಲೆಕ್ಕ ತೋರಿಸಬೇಕಿತ್ತು. ಲೆಕ್ಕವಿಲ್ಲದಿದ್ದರೆ ಕೆಲಸದ ಜಾತಿ ನೋಡಿ ಇಷ್ಟು ಪಾಲು ಕೂಲಿ ಎಂದು ನಿಯಮವೇ ಕಳೆದುಕೊಡುತ್ತಿತ್ತು. ಮರಳಿನ ಲಾರಿಯವನು ಬಿಲ್ ಎಂಬ ಮಾತೆತ್ತಿದರೆ ಲಾರಿ ಸ್ಟಾರ್ಟ್ ಮಾಡುತ್ತಿದ್ದ. ಕಬ್ಬಿಣದಂಗಡಿಯಲ್ಲಿ ಕೊಡುತ್ತಿದ್ದ ಚೀಟಿಯ ತಲೆಯ ಮೇಲೆ ‘ಎಸ್ಟಿಮೇಟ್’ ಎಂದಿರುತ್ತಿತ್ತು. ಸಾಮಾನು ಬಂದು, ಛಾವಣಿಯೊಳಗೆ ಹೂತು, ಮನೆಯವರು ಗೃಹಪ್ರವೇಶದ ಊಟ ಹಾಕಿದ ಮೇಲೂ ಅದು ಎಸ್ಟಿಮೇಟೇ. ಕೊನೆಯ ಕಂತಿನ ಬದಲು ಒಬ್ಬರು ರಾಗಿ ಕೊಟ್ಟದ್ದುಂಟು. ರಾಯರು ಕನ್ನಡಕ ಮೇಲೇರಿಸಿ, “ಈಗ ಈ ರಾಗೀನ ಯಾವ ಕಾಲಮ್ಮಿಗೆ ಹಾಕ್ಲಿ?” ಎಂದು ಕೇಳಿ, ಮಾವ ಉತ್ತರಿಸುವ ಮೊದಲೇ ಅದರಲ್ಲಿ ಐದು ಸೇರು ತಮ್ಮ ಮನೆಗೆ ಕಳಿಸಲು ಹೇಳಿದ್ದರು.

2005ರಲ್ಲಿ ವ್ಯಾಟ್ ಬಂತು. ಚಿಕ್ಕ ಕಂಟ್ರಾಕ್ಟರುಗಳಿಗೆ ಕಾಂಪೊಸಿಷನ್ ಎಂಬ ಸುಲಭದ ದಾರಿ ಇತ್ತು: ಸಾಮಾನು ಕೂಲಿ ಎಂದು ಬಿಡಿಸದೆ ಒಟ್ಟು ಮೊತ್ತಕ್ಕೆ ನೂರಕ್ಕೆ ನಾಲ್ಕು ಕಟ್ಟಿ ಕೈತೊಳೆದುಕೊಳ್ಳಿ. ಮಾವನ ಜೀವನದ ಅತ್ಯಂತ ನೆಮ್ಮದಿಯ ವರ್ಷಗಳು ಅವು ಎಂದು ನನ್ನ ಅನಿಸಿಕೆ. ಸರ್ಕಾರ ಕೊನೆಗೂ ಗೋಡೆಯನ್ನು ಒಡೆಯದೆ ನೋಡಲು ಕಲಿಯಿತು ಎಂದು ಅವರು ಹೇಳಿಕೊಂಡು ತಿರುಗಿದರು. ಆ ನಡುವೆ ರಾಯರು ತೀರಿಕೊಂಡರು. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಫೈಲುಗಳನ್ನು ಕೊಬ್ಬರಿ ಮಂಡಿಯವರೇ ರದ್ದಿಗೆ ಹಾಕಿದರಂತೆ.

2017ರ ಜುಲೈ 1ಕ್ಕೆ ಜಿಎಸ್‌ಟಿ. ಈ ಕಾಯ್ದೆಯ ಪ್ರಕಾರ ಗುತ್ತಿಗೆಯಲ್ಲಿ ಕಟ್ಟಿದ ಮನೆ ಮಾರಾಟವೂ ಅಲ್ಲ, ಅರ್ಧ ಮಾರಾಟವೂ ಅಲ್ಲ, ಪೂರ್ತಿ ‘ಸೇವೆ’. ಸಾಮಾನ್ಯವಾಗಿ ನೂರಕ್ಕೆ 18. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ಸೇವೆಯವರಿಗೆ ಆ ಗೆರೆ 20 ಲಕ್ಷಕ್ಕೇ. ಮೆಟೀರಿಯಲ್ ಸೇರಿಸಿ ಎರಡು ಮನೆ ಕಟ್ಟಿದರೆ ಗೆರೆ ದಾಟಿಹೋಗುತ್ತದೆ. “ಅರವತ್ತು ವರ್ಷ ಸುತ್ತಿ ಮತ್ತೆ ಗಣಂಡಂಕ್ರಿಗೇ ಬಂದ್ರು ನೋಡು, ಮಾರಾಟ ಅಲ್ಲ ಅಂತ,” ಎಂದರು ಮಾವ. “ಆದ್ರೆ ತೆರಿಗೆ ಮಾತ್ರ ಬಿಡಲಿಲ್ಲ ಕಣಯ್ಯ.” ಕಂಪ್ಯೂಟರಿನಲ್ಲಿ ರಿಟರ್ನು ಹಾಕುವ ಹುಡುಗನೊಬ್ಬ ಸಿಕ್ಕಿದ್ದ. ಅವನಿಗೆ ಒಟಿಪಿ ಬೇಕಿತ್ತೇ ಹೊರತು ತೀರ್ಪು, ಅಯ್ಯರ್, ದೀಕ್ಷಿತರು ಯಾರೂ ಬೇಕಿರಲಿಲ್ಲ. ಮಾವ ಕೆಲ ಕಾಲ ಒಟಿಪಿ ಓದಿ ಹೇಳಿದರು, ಆಮೇಲೆ ಕಸುಬು ನಿಲ್ಲಿಸಿದರು.

ಭಕ್ತಿ ನಿಲ್ಲಲಿಲ್ಲ. 2025ರ ಜುಲೈನಲ್ಲಿ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸು ಹೋದಾಗ ಮಾವ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು. ಹಾವೇರಿಯ ತರಕಾರಿಯವರೊಬ್ಬರಿಗೆ 29 ಲಕ್ಷದ ನೋಟಿಸು. ಬಿಡಿ ತರಕಾರಿಗೆ ತೆರಿಗೆಯೇ ಇಲ್ಲ. “ವೀಳ್ಯದೆಲೆ ಏನಾದ್ರೂ ಇಟ್ಟಿದ್ನಾ ವಿಚಾರಿಸು,” ಎಂದರು ಮಾವ ಗಂಭೀರವಾಗಿ. ನಾಲ್ಕು ವರ್ಷದಲ್ಲಿ ಕೋಟಿ ದಾಟಿ ಬಂದ ದುಡ್ಡು ವಹಿವಾಟೇ ಹೊರತು ಲಾಭವಲ್ಲ ಎಂಬುದು ಎಷ್ಟೋ ಜನಕ್ಕೆ ಆಗ ಹೊಳೆಯಿತು. ಕೈಸಾಲ, ಚೀಟಿ ದುಡ್ಡು, ಮಗಳು ಕಳಿಸಿದ್ದು ಎಲ್ಲವೂ ಅದೇ ಕ್ಯೂಆರ್ ಕೋಡಿನ ಮೇಲೆ ಬಂದು ಬೀಳುತ್ತವೆ ಎಂಬುದೂ. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೆಯದು ಬಿಟ್ಟೆವು, ನೋಂದಣಿ ಮಾಡಿಸಿಕೊಳ್ಳಿ ಎಂಬ ಅರ್ಥದಲ್ಲಿ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಅಂಗಡಿಯ ಮೂಲೆಯಲ್ಲಿ ಕೂಗುವ ಪೆಟ್ಟಿಗೆ ನೋಡಿದಾಗಲೆಲ್ಲ ಮಾವ ಹೇಳುತ್ತಾರೆ, ನಮ್ಮ ರಾಯರು ಹೊಟ್ಟೇಲಿಟ್ಟುಕೊಂಡದ್ದನ್ನ ಇದು ಬೀದಿಗೆಲ್ಲ ಸಾರುತ್ತೆ.

ಈಗ ನಾನು ಮೈಸೂರಿನಲ್ಲಿ ಚಿಕ್ಕ ಮನೆ ಕಟ್ಟಿಸುತ್ತಿದ್ದೇನೆ. ಉಸ್ತುವಾರಿ ಮಾವನದು. ಬದುಕಿಡೀ ಮೆಟೀರಿಯಲ್ ಸೇರಿಸಿ ಒಪ್ಪಿಕೊಂಡವರು ನನಗೆ ಕೊಟ್ಟ ಮೊದಲ ಅಪ್ಪಣೆ, ಬರೀ ಲೇಬರ್‌ಗೆ ಕೊಡು ಎಂದು. ಒಂಟಿ ಮನೆಯ ಹೊಸ ಕಟ್ಟಡಕ್ಕೆ ಬರೀ ಕೂಲಿ ಗುತ್ತಿಗೆಯಾದರೆ ಜಿಎಸ್‌ಟಿ ಇಲ್ಲ. ಸಿಮೆಂಟು ನಾನೇ ಪಕ್ಕಾ ಬಿಲ್ಲಿನಲ್ಲಿ ತರಬೇಕು. 2025ರ ಸೆಪ್ಟೆಂಬರಿನಲ್ಲಿ ಅದರ ತೆರಿಗೆ 28ರಿಂದ 18ಕ್ಕೆ ಇಳಿದಿದೆ, ಅಂಗಡಿಯವನು ಇಳಿಸಿದ್ದಾನೋ ನೋಡು ಎಂಬ ಎಚ್ಚರಿಕೆ ಬೇರೆ. ಮೇಸ್ತ್ರಿಯ ವರ್ಷದ ಸಂಪಾದನೆ 20 ಲಕ್ಷದ ಹತ್ತಿರಕ್ಕೂ ಸುಳಿಯುವುದಿಲ್ಲ, ಅವನಿಗೆ ಹೇಗೂ ತೆರಿಗೆ ಇಲ್ಲ ಎಂದು ನಾನು ಹೇಳಿ ನೋಡಿದೆ. ಕರಾರು ಶುದ್ಧವಾಗಿರಬೇಕು ಎಂದರು ಮಾವ.

ಮೊನ್ನೆ ಸೆಂಟ್ರಿಂಗ್ ಹೊಡೆಯುವಾಗ ಮೇಸ್ತ್ರಿ ತಲೆ ಕೆರೆದುಕೊಂಡು ಬಂದ. “ಅಣ್ಣಾ, ಮೊಳೆ ಕಮ್ಮಿ ಬಿತ್ತು. ನನ್ನ ಹತ್ರ ಇದ್ದವನ್ನೇ ಎರಡು ಕೇಜಿ ಹಾಕಿದೀನಿ.” ಮಾವನ ಮುಖ ಬಿಳಿಚಿತು. ಮೊಳೆ ಸೇರಿದರೆ ಅದು ಬರೀ ಲೇಬರ್ ಆಗಿ ಉಳಿಯುತ್ತದೆಯೇ? ಮೇಲೆ ಹಲಗೆ, ಅದರೊಳಗೆ ಮೊಳೆ, ಇನ್ನು ಕೀಳಲಾಗದು. “ರಾಯರಿರಬೇಕಿತ್ತು,” ಎಂದು ಒಂದು ಗಳಿಗೆ ನಿಂತರು. ಆಮೇಲೆ ಜೇಬಿಗೆ ಕೈ ಹಾಕಿ ಎಣಿಸಿ, “ತಗೋ, ಎರಡು ಕೇಜಿ ಮೊಳೇನ ನಾವು ನಿನ್ನ ಹತ್ರ ಕೊಂಡ್ಕೊಂಡಿದೀವಿ, ಗೊತ್ತಾಯ್ತಾ?” ಎಂದರು.

ಮೇಸ್ತ್ರಿ ನೋಟನ್ನು ಬನಿಯನ್ನಿನೊಳಗೆ ಸೇರಿಸಿ, ಹೋಗುವವನು ತಿರುಗಿ ನಿಂತು ಕೇಳಿದ:

“ಬಿಲ್ ಏನಾದ್ರೂ ಬೇಕಿತ್ತಾ ಅಣ್ಣಾ?”