ಹಗ್ಗ ಹಿಡಿಯೋರು ಯಾರು?

ಗೆಳೆಯರೇ, ಇದು ಸ್ವಲ್ಪ ಉದ್ದದ ಬರಹ. ಬಿಡುವಾದಾಗ ಓದಿ. ಆದ್ರೆ ಓದಿ.

ಮೊನ್ನೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸಣ್ಣ ಜಗಳ ಆಯ್ತು. ಶಿರಾ ಕಡೆ ಹಾಸ್ಟೆಲಿನ ಒಬ್ಬ ಹುಡುಗಿ, ನಮ್ಮ ಕೇರಿ ಮಗು, 800 ಮೀಟರ್ ಓಟಕ್ಕೆ ರಾಜ್ಯಮಟ್ಟಕ್ಕೆ ಆಯ್ಕೆ ಆಗಿದಾಳೆ. ಸ್ಪೈಕ್ ಶೂ ಇಲ್ಲ. ಜೊತೆಗೆ ಹೋಗೋಕೆ ಒಬ್ಬ ಹೆಣ್ಣುಮಗಳು ಬೇಕು, ಇಬ್ಬರ ಬಸ್ ಚಾರ್ಜು, ಮೂರು ದಿನದ ಊಟ. ಎಲ್ಲಾ ಸೇರಿ ಒಂಬತ್ತು ಸಾವಿರ. ಸಂಘದ ದುಡ್ಡಲ್ಲಿ ಕೊಡೋಣ ಅಂತ ನಾನು ಬರೆದೆ. ಒಬ್ಬ ಹಿರಿಯ ಸಂಗಾತಿ ತಕ್ಷಣ ಉತ್ತರ ಹಾಕಿದ್ರು: "ಚಳವಳಿ ದುಡ್ಡು ಆಟಕ್ಕಾ? ನಾಳೆ ಅಟ್ರಾಸಿಟಿ ಕೇಸಿಗೆ ಓಡಾಡೋಕೆ ಎಲ್ಲಿಂದ ತರ್ತೀಯಪ್ಪ?"

ಅವರ ಮೇಲೆ ನನಗೆ ಗೌರವ ಇದೆ. ಕೇಳಿದ ಪ್ರಶ್ನೆ ಸುಳ್ಳಲ್ಲ. ಗ್ರೂಪಿನಲ್ಲಿ ನಾನು ಸುಮ್ಮನಿದ್ದೆ. ಯಾಕಂದ್ರೆ 2016ರಲ್ಲಿ ಇದೇ ಮಾತನ್ನ, ಹೆಚ್ಚುಕಡಿಮೆ ಇದೇ ದನಿಯಲ್ಲಿ, ನಾನೇ ಒಬ್ಬ ಹುಡುಗನಿಗೆ ಹೇಳಿ ಕಳಿಸಿದ್ದೆ. ಅದನ್ನ ಇವತ್ತು ಹೇಳ್ಕೊಂಡುಬಿಡ್ತೀನಿ.

ಮೊದಲು ಅಪ್ಪನ ವಿಷ್ಯ. ನಮ್ಮದು ಪಾವಗಡ ತಾಲ್ಲೂಕು. ಮೂರು ದಿಕ್ಕಿಗೂ ಆಂಧ್ರ, ಯಾವ ದಿಕ್ಕಿಂದಲೂ ಮಳೆ ಇಲ್ಲ. ಅಪ್ಪ ಬಾವಿ ತೋಡೋನು. ಬೋರ್‌ವೆಲ್ ಲಾರಿಗಳು ಬರೋಕೆ ಮುಂಚೆ ನಮ್ಮ ಸೀಮೆಯಲ್ಲಿ ಬಾವಿ ಅಂದ್ರೆ ನಮ್ಮೋರ ಬೆನ್ನು. ಗಡಾರಿ, ಸುತ್ತಿಗೆ, ಉಳಿ, ಮಂಕರಿ, ಹಗ್ಗ. ಬಂಡೆ ಅಡ್ಡ ಬಂದ್ರೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ, ಹಗ್ಗ ಹಿಡಿದು ಮೇಲಕ್ಕೆ ಬರಬೇಕು. ಬತ್ತಿ ಉರಿದು ಮುಗಿಯೋಷ್ಟರಲ್ಲಿ ಮೇಲಿರೋರು ಎಳ್ಕೊಂಡ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಅಪ್ಪ ಯಾವಾಗಲೂ ಹೇಳ್ತಿದ್ದ: "ಇಳಿಯೋನ ಧೈರ್ಯ ದೊಡ್ಡದಲ್ಲ ಕಣ್ಲಾ, ಹಗ್ಗ ಹಿಡಿದೋನ ನಿಯತ್ತು ದೊಡ್ಡದು."

ನೀರು ಬಿದ್ದ ದಿನ ಗಂಗೆ ಪೂಜೆ. ಕಾಯಿ ಒಡೆಯೋರು ಬೇರೆ. ಮಾರನೇ ದಿನದಿಂದ ಅಪ್ಪ ತಾನೇ ತೋಡಿದ ಬಾವಿಯ ಕಟ್ಟೆ ಮುಟ್ಟಂಗಿಲ್ಲ. ಯಾರಾದ್ರೂ ಮೇಲಿಂದ ಹುಯ್ದರೆ ಬೊಗಸೆ ಒಡ್ಡಬೇಕು. ಊರ ಹುಡುಗರು ಸೊಂಟಕ್ಕೆ ಬೆಂಡು ಕಟ್ಕೊಂಡು ಅದೇ ಬಾವೀಲಿ ಈಜು ಕಲಿತರು. ನಾವು ದೂರದಲ್ಲಿ ನಿಂತು ಧುಮುಕೋ ಸದ್ದು ಕೇಳಿಸ್ಕೊಂಡ್ವಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ ಬಗ್ಗೆ ನಾನು ವರ್ಷಾವರ್ಷ ಭಾಷಣ ಮಾಡ್ತೀನಿ. ಆದ್ರೆ ಸೊಂಟದುದ್ದ ನೀರಿಗೆ ಇಳಿಯೋಕೆ ಇವತ್ತಿಗೂ ಹೆದರ್ತೀನಿ. ಈಜು ಬರಲ್ಲ.

ಈಗ 2016ರ ಆಗಸ್ಟ್‌ಗೆ ಬನ್ನಿ. ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದಿದ್ದಕ್ಕೆ ನಮ್ಮ ಹುಡುಗರನ್ನ ಕಾರಿಗೆ ಕಟ್ಟಿ ಹೊಡೆದ ವಿಡಿಯೋ ಜುಲೈನಲ್ಲಿ ಎಲ್ಲರ ಮೊಬೈಲಿನಲ್ಲೂ ಹರಿದಾಡಿತ್ತು. ನಮ್ಮ ನಾಲ್ಕೂ ತಾಲ್ಲೂಕಲ್ಲಿ ಪ್ರತಿಭಟನೆ ಮೇಲೆ ಪ್ರತಿಭಟನೆ. ಒಂದು ದಿನ ಮಧುಗಿರಿ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀತಾ ಪೇಪರ್ ತಿರುವಿದೆ. ಆಟದ ಪುಟದಲ್ಲಿ ಒಂದು ಸುದ್ದಿ. ರಿಯೋ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಗೆ ಇಡೀ ದೇಶದಿಂದ ಹೋಗಿರೋನು ಒಬ್ಬನೇ, ದತ್ತು ಭೋಕನಾಳ್. ಅಪ್ಪ ಬಾವಿ ತೋಡೋರು. ಮಗನೂ ಅದೇ ಕೆಲಸ ಮಾಡಿದೋನು.

ಕೈಯಲ್ಲಿದ್ದ ಟೀ ಆರಿಹೋಯ್ತು.

ನನಗೆ ತಮ್ಮನ ಥರ ಅನ್ನಿಸಿದ್ರಿಂದ ಏಕವಚನದಲ್ಲೇ ಬರೀತೀನಿ. ಅವನೂರು ಮಹಾರಾಷ್ಟ್ರದ ನಾಶಿಕ್ ಜಿಲ್ಲೆ ಚಾಂದವಡ ತಾಲ್ಲೂಕಿನಲ್ಲಿದೆ. ನಮ್ಮ ಪಾವಗಡದ ಹಾಗೇ ಬರದ ಸೀಮೆ. 2011ರಲ್ಲಿ ಅಪ್ಪ ತೀರ್ಕೊಂಡ್ರು. ಸಂಸಾರ ಇವನ ತಲೆ ಮೇಲೆ. ಬಾವಿ ಕೆಲಸ, ಪೆಟ್ರೋಲ್ ಬಂಕ್ ಕೆಲಸ ಎಲ್ಲಾ ಮಾಡಿ 2012ರಲ್ಲಿ ಸೈನ್ಯ ಸೇರಿದ. ಪುಣೆಯಲ್ಲಿ ಆಳು ಎತ್ತರ ಇದಾನೆ ಅಂತ ಇವನನ್ನ ದೋಣಿಗೆ ಕೂರಿಸಿದ್ರು. ಮೊದಮೊದಲು ನೀರು ಕಂಡ್ರೆ ಭಯ ಆಗ್ತಿತ್ತಂತೆ. ನಾಲ್ಕೇ ವರ್ಷ. 2016ರ ಏಪ್ರಿಲ್‌ನಲ್ಲಿ ಕೊರಿಯಾದ ಚುಂಗ್ಜುನಲ್ಲಿ ಬೆಳ್ಳಿ ಗೆದ್ದು ಒಲಿಂಪಿಕ್ಸ್‌ಗೆ ಅರ್ಹನಾದ. ಆಗ ಅವನ ತಾಯಿ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ನೆನಪು ಕೆಟ್ಟು ಮಲಗಿದ್ರು.

ರಿಯೋದಲ್ಲಿ ಪದಕ ಬರಲಿಲ್ಲ. 13ನೇ ಸ್ಥಾನ. ಆದ್ರೆ ಅಲ್ಲಿವರೆಗೆ ಒಬ್ಬರೇ ನಡೆಸೋ ದೋಣಿ ಸ್ಪರ್ಧೆಯಲ್ಲಿ ನಮ್ಮ ದೇಶದೋರು ಯಾರೂ ಒಲಿಂಪಿಕ್ಸ್‌ನಲ್ಲಿ ಅಷ್ಟು ಮೇಲೆ ಬಂದಿರಲಿಲ್ಲ. ಬಾವಿಯ ತಳ ನೋಡಿದ ಕಣ್ಣು 2000 ಮೀಟರ್ ನೀರಿನ ಮೇಲೆ ಹಾದುಹೋಯ್ತು.

ಈ ಆಟದ ಒಂದು ವಿಷ್ಯ ನಿಮಗೆ ಹೇಳಬೇಕು. ದೋಣಿಯಲ್ಲಿ ಹುಟ್ಟು ಹಾಕೋನು ಗುರಿ ಕಡೆ ಬೆನ್ನು ಮಾಡಿ ಕೂತಿರ್ತಾನೆ. ಎಲ್ಲಿ ಮುಟ್ಟಬೇಕೋ ಅದು ಕಾಣಲ್ಲ. ಹೊರಟ ಜಾಗ, ಬಿಟ್ಟು ಬಂದ ದಡ, ಅಲ್ಲಿ ನಿಂತ ಜನ, ಇಷ್ಟೇ ಕಾಣೋದು. ಆ ದೋಣಿ ಹದಿನಾಲ್ಕು ಕಿಲೋ ಆಸುಪಾಸು ತೂಗುತ್ತೆ, ಬೆಲೆ ಮಾತ್ರ ಲಕ್ಷಗಟ್ಟಲೆ. ಅಭ್ಯಾಸಕ್ಕೆ ದೊಡ್ಡ ನೀರು ಬೇಕು, ಕೋಚ್ ಬೇಕು, ಹೊಟ್ಟೆ ತುಂಬಾ ಊಟ ಬೇಕು. ಬಡವನ ಮನೆಯಿಂದ ಒಬ್ಬನೇ ಎದ್ದು ಹೋಗಿ ಆಡೋ ಆಟ ಇದಲ್ಲ. ನಮ್ಮ ದೇಶದ ಹಳೇ ದೋಣಿ ಕ್ಲಬ್ಬುಗಳು, ಕಲ್ಕತ್ತಾದ್ದು 1858ರದ್ದು, ಮದ್ರಾಸಿನದ್ದು 1867ರದ್ದು, ಬ್ರಿಟಿಷರು ತಮಗೋಸ್ಕರ ಕಟ್ಟಿಕೊಂಡಿದ್ದು. ದತ್ತುವಿಗೆ ಕ್ಲಬ್ಬು ಅಂದ್ರೆ ಸೈನ್ಯ. ಟೋಕಿಯೋದಲ್ಲಿ 11ನೇ ಸ್ಥಾನ ಪಡೆದ ಅರ್ಜುನ್ ಲಾಲ್ ಜಾಟ್, ಅರವಿಂದ್ ಸಿಂಗ್ ಜೋಡಿಗೂ, 2024ರಲ್ಲಿ ಪ್ಯಾರಿಸ್‌ಗೆ ಒಬ್ಬನೇ ಹೋಗಿ 23ನೇ ಸ್ಥಾನ ಪಡೆದ ಬಲರಾಜ್ ಪನ್ವಾರ್‌ಗೂ ಅದೇ.

ಸೈನ್ಯವನ್ನ ಹೊಗಳೋಕೆ ಇದನ್ನ ಬರೀತಿಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸುಬೇದಾರರಾಗಿದ್ರು, ಅದರಿಂದ ಆ ಮನೆಗೆ ಅಕ್ಷರ ಬಂತು. ಅದೇ ಸೈನ್ಯ 1890ರ ದಶಕದಲ್ಲಿ ಮಹಾರರನ್ನ ಸೇರಿಸ್ಕೊಳ್ಳೋದು ನಿಲ್ಲಿಸಿಬಿಡ್ತು. ಬೇರೆಯೋರ ಕೈಲಿರೋ ಹಗ್ಗ ಹಂಗೇ. ಎಳ್ಕೊಳ್ಳೋದೂ ಅವರಿಷ್ಟ, ಬಿಡೋದೂ ಅವರಿಷ್ಟ. ದತ್ತುಗೂ ಇದು ಗೊತ್ತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಹುಷಾರಿಲ್ಲದೆ ಒಂಟಿ ಸ್ಪರ್ಧೆಯಲ್ಲಿ ಕೊನೇಲಿ ಬಂದ. ಮಾರನೇ ದಿನ ಅದೇ ಮೈಯಲ್ಲಿ ನಾಲ್ವರ ತಂಡದಲ್ಲಿ ಕೂತು ಚಿನ್ನ ಗೆದ್ದ. ಹಂಗಿದ್ದೂ, ಒಂಟಿ ಸ್ಪರ್ಧೆಯನ್ನ ಮಧ್ಯದಲ್ಲೇ ಬಿಟ್ಟ ಅಂತ ಹೇಳಿ 2019ರಲ್ಲಿ ರೋಯಿಂಗ್ ಫೆಡರೇಶನ್ ಎರಡು ವರ್ಷ ನಿಷೇಧ ಹಾಕಿತು. 2020ರಲ್ಲಿ ವಾಪಸ್ ತಗೊಂಡ್ರು.

ಸರಿ, ಈಗ ನನ್ನ ತಪ್ಪಿಗೆ ಬರ್ತೀನಿ.

ಆ ಪೇಪರ್ ತುಂಡನ್ನ ಹರಿದು ಜೇಬಲ್ಲಿಟ್ಕೊಂಡಿದ್ದೆ. ಸಿಕ್ಕಸಿಕ್ಕ ಸಭೆಯಲ್ಲಿ ದತ್ತು ಕತೆ ಹೇಳಿ ಚಪ್ಪಾಳೆ ತಗೊಂಡೆ. ಒಂದೂವರೆ ತಿಂಗಳಾಗಿರಬೇಕು. 'ಚಲೋ ಉಡುಪಿ'ಗೆ ಜನ ಸೇರಿಸೋ ಓಡಾಟ. ರಾತ್ರಿ ಹತ್ತು ಗಂಟೆ, ರೂಮಲ್ಲಿ ಕರಪತ್ರ ಮಡಚ್ತಾ ಕೂತಿದ್ವಿ. ಮಧುಗಿರಿ ಹಾಸ್ಟೆಲಲ್ಲಿದ್ದ ಒಬ್ಬ ಹುಡುಗ ಬಂದ. ನಮ್ಮ ತಾಲ್ಲೂಕಿನೋನೇ. ಬರಿಗಾಲಲ್ಲಿ ಓಡಿ ಜಿಲ್ಲೆಗೆ ಮೊದಲನೆಯವನಾಗಿದ್ದ. "ಅಣ್ಣ, ಮುಂದಿನ ಸ್ಪರ್ಧೆಗೆ ಹೋಗಬೇಕು, ಎರಡು ಸಾವಿರದ ನಾಲ್ಕುನೂರು ಬೇಕಾಗಿತ್ತು. ಬಣ್ಣದ ಕೆಲಸಕ್ಕೆ ಹೋಗಿ ತೀರಿಸ್ತೀನಿ" ಅಂದ.

ನಾನೇನಂದೆ ಗೊತ್ತಾ? "ನಮ್ಮೋರ ಚರ್ಮ ಸುಲೀತಿದಾರೆ, ನಿಂಗೆ ಓಟದ ಚಿಂತೆನಾ? ಮೊದ್ಲು ಓದೋ."

ಅವನು ಬೈಲಿಲ್ಲ, ಅಳಲಿಲ್ಲ. ಕೂತು ಒಂದು ಕಟ್ಟು ಕರಪತ್ರ ಮಡಚಿಕೊಟ್ಟು ಹೋದ. ಸ್ಪರ್ಧೆಗೆ ಹೋಗಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಓದೂ ಪಿಯುಸಿಗೇ ನಿಂತಿತು. ನನ್ನ ಜೇಬಲ್ಲಿ ದತ್ತು ಇದ್ದ, ಎದುರಿಗೆ ಬಂದು ನಿಂತಿದ್ದ ದತ್ತು ನನಗೆ ಕಾಣಲಿಲ್ಲ.

ಹೋದ ವರ್ಷ ತಿರುಮಣಿ ಕಡೆ ಹೋಗಿದ್ದೆ. ಗೊತ್ತಲ್ಲ, 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್, ಹದಿಮೂರು ಸಾವಿರ ಎಕರೆ. ಭೂಮಿ ಇದ್ದೋರಿಗೆ ಗುತ್ತಿಗೆ ಹಣ ಬರುತ್ತೆ, ಆ ಭೂಮೀಲಿ ಕೂಲಿ ಮಾಡ್ತಿದ್ದೋರಿಗೆ ಏನೂ ಇಲ್ಲ. ಗೇಟಲ್ಲಿ ಸೆಕ್ಯುರಿಟಿ ಡ್ರೆಸ್ ಹಾಕ್ಕೊಂಡೋನೊಬ್ಬ ಎದ್ದು ನಿಂತ. "ಅಣ್ಣ, ಚೆನ್ನಾಗಿದೀರಾ? ಜೈಭೀಮ್." ಅದೇ ಹುಡುಗ. ನೀರು ಕೊಟ್ಟ, ಮಕ್ಕಳ ಫೋಟೋ ತೋರಿಸಿದ. ಓಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನಿಗೆ ನನ್ನ ಮೇಲೆ ಒಂಚೂರಾದ್ರೂ ಸಿಟ್ಟಿದ್ದಿದ್ರೆ ನನಗೆ ಹಗುರ ಆಗ್ತಿತ್ತು.

ಸಂಗಾತಿಗಳು ಇನ್ನೊಂದು ಮಾತೂ ಹೇಳ್ತಾರೆ: "ಪದಕ ತಂದ್ರೆ ಮಾತ್ರ ನಮ್ಮೋರು, ಸೋತ್ರೆ ಹೊಲೆಯರು ಮಾದಿಗರು." ನಿಜ. ಬಾಲೂ ಪಲ್ವಂಕರ್ ಅವರನ್ನೇ ನೋಡಿ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ, ಚರ್ಮದ ಕೆಲಸದ ಜಾತಿಯಲ್ಲಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನದ ಕೆಲಸ ಮಾಡ್ತಾ ಬೌಲಿಂಗ್ ಕಲಿತರು. ಬಿಳಿಯರನ್ನ ಸೋಲಿಸೋಕೆ ಹಿಂದೂ ತಂಡಕ್ಕೆ ಅವರ ಕೈ ಬೇಕಾಯ್ತು. ಚೆಂಡು ಆ ಕೈಯಿಂದ ಬರಬಹುದು, ಟೀ ಲೋಟ ಮಾತ್ರ ಆ ಕೈಗೆ ಇಲ್ಲ. ಅವರಿಗೆ ಹೊರಗಡೆ, ಮಣ್ಣಿನ ಬಟ್ಟಲಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಮೇಲೂ ನಾಯಕನ ಪಟ್ಟ ಅವರಿಗೆ ಬರಲಿಲ್ಲ. ಹೋರಾಡಿದ ಮೇಲೆ 1923ರಲ್ಲಿ ತಮ್ಮ ವಿಠ್ಠಲ್ ಅವರಿಗೆ ಬಂತು.

ನೂರು ವರ್ಷ ಆದ್ಮೇಲೆ ವಂದನಾ ಕಟಾರಿಯಾ. 2021ರ ಮೇನಲ್ಲಿ ಅಪ್ಪ ತೀರ್ಕೊಂಡಾಗ ಆಕೆ ಬೆಂಗಳೂರಿನ ಹಾಕಿ ಶಿಬಿರದಲ್ಲಿದ್ರು, ಮುಖ ನೋಡೋಕೂ ಹೋಗಲಾಗಲಿಲ್ಲ. ಟೋಕಿಯೋದಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದ್ರು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಮಹಿಳೆ. ನಾಲ್ಕೇ ದಿನಕ್ಕೆ ತಂಡ ಸೆಮಿಫೈನಲ್ ಸೋತಾಗ ಹರಿದ್ವಾರದ ಅವರ ಮನೆ ಮುಂದೆ ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಜಾಸ್ತಿಯಾಗಿದ್ದಕ್ಕೇ ಸೋಲಾಯ್ತು ಅಂತ ಬೈದ್ರು ಎಂದು ಮನೆಯೋರು ಪೊಲೀಸಿಗೆ ದೂರು ಕೊಟ್ರು.

ಹಂಗಂತ ನಮ್ಮ ಮಕ್ಕಳು ಆಡಬಾರದಾ? ಬಾವಿ ಕಟ್ಟೆ ಮುಟ್ಟಬೇಡ ಅಂದ್ರು ಅಂತ ಬಾಬಾಸಾಹೇಬರು ಮಹಾಡಕ್ಕೆ ಹೋಗೋದು ಬಿಟ್ರಾ? ಪಟಾಕಿ ಹೊಡೆದೋರಿಗೆ ಉರಿದಿದ್ದೇ ಆಕೆ ಅಲ್ಲಿ ತನಕ ಹೋದಳಲ್ಲ ಅಂತ. ಓಡೋ ಟ್ರ್ಯಾಕು, ಹಾಕಿ ಮೈದಾನ, ಈಜೋ ಕೊಳ, ದೋಣಿ ಬಿಡೋ ಕೆರೆ, ಇವೂ ನಮಗೆ ಮುಚ್ಚಿಟ್ಟ ಕೆರೆಗಳೇ. ಹಿರಿಯ ಸಂಗಾತಿಗೆ ನನ್ನ ಉತ್ತರ ಇಷ್ಟೇ: ಅಣ್ಣ, ಅಟ್ರಾಸಿಟಿ ಕೇಸಿಗೆ ಓಡಾಡೋದೂ ಚಳವಳಿ, ಈ ಮಗುವಿನ ಶೂ ಕೂಡ ಚಳವಳಿ. ಒಂದನ್ನ ಬಿಟ್ಟು ಇನ್ನೊಂದು ಮಾಡೋಣ ಅಂತ ನಾನು ಹೇಳ್ತಿಲ್ಲ. 2016ರಲ್ಲಿ ನಾನು ಹಾಗೆ ಒಂದನ್ನ ಬಿಟ್ಟೆ, ಅದರ ಲೆಕ್ಕ ತಿರುಮಣಿ ಗೇಟಲ್ಲಿ ಸಿಕ್ತು.

ಬೇರೆಯೋರ ಕ್ಲಬ್ಬುಗಳ ಕತೆ ಸಾಕು. ನಾವೇ ಒಂದು ಕ್ಲಬ್ಬಾಗೋಣ. ಬೋರ್ಡು, ಆಫೀಸು, ಅಧ್ಯಕ್ಷ, ಕಾರ್ಯದರ್ಶಿ ಏನೂ ಬೇಡ. ಮೂರು ಕೆಲಸ ಸಾಕು.

ಒಂದು, ನಾಲ್ಕು ತಾಲ್ಲೂಕಿನ ಎಲ್ಲಾ ಎಸ್ಸಿ ಎಸ್ಟಿ ಹಾಸ್ಟೆಲಿಗೆ ಹೋಗಿ ಯಾವ ಮಗು ಯಾವ ಆಟ ಆಡುತ್ತೆ ಅಂತ ಬರ್ಕೊಂಡು ಬರೋದು. ಹೋದಾಗ ಊಟವೂ ನೋಡ್ಕೊಂಡು ಬನ್ನಿ. ಬರೀ ಅನ್ನ ಸಾರಲ್ಲಿ 800 ಮೀಟರ್ ಓಡೋಕಾಗಲ್ಲ.

ಎರಡು, 2013ರ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ ನಮ್ಮ ಹೋರಾಟದಿಂದ ಬಂದಿದ್ದು. ಯೋಜನಾ ಹಣದಲ್ಲಿ ಶೇ 24.1 ನಮ್ಮ ಪಾಲು. ಅದರಲ್ಲಿ ನಮ್ಮ ತಾಲ್ಲೂಕಿನ ಮಕ್ಕಳ ಆಟಕ್ಕೆ ಎಷ್ಟು ಖರ್ಚಾಯ್ತು ಅಂತ ಆರ್‌ಟಿಐ ಹಾಕೋಣ. ಅರ್ಜಿ ನಾನು ಬರೆದುಕೊಡ್ತೀನಿ. ಬೇಡೋದಲ್ಲ, ಲೆಕ್ಕ ಕೇಳೋದು.

ಮೂರು, ಅಲ್ಲಿವರೆಗೆ ಕಾಯೋಕಾಗಲ್ಲ, ಸ್ಪರ್ಧೆ ಮುಂದಿನ ವಾರ. ಸಂಘದ ದುಡ್ಡು ಬೇಡ ಅಂದ್ರೆ ಬೇಡ. ಈ ಸಲ ಜಯಂತಿಗೆ ನಿಮ್ಮ ಮುಖ ಇರೋ ಫ್ಲೆಕ್ಸ್ ಒಂದು ಕಮ್ಮಿ ಮಾಡಿ. ನನ್ನ ಪಾಲು ಎರಡು ಸಾವಿರದ ನಾಲ್ಕುನೂರು ಇವತ್ತೇ ಕೊಟ್ಟಿದೀನಿ. ಯಾಕೆ ಅಷ್ಟೇ ಅಂತ ನಿಮಗೆ ಗೊತ್ತು.

ಈ ಮಗು ಒಲಿಂಪಿಕ್ಸ್‌ಗೆ ಹೋಗ್ತಾಳಾ? ಹೋಗದೇ ಇರಬಹುದು. ಮೊದಲ ಸುತ್ತಲ್ಲೇ ಸೋತು ವಾಪಸ್ ಬರಬಹುದು. ಬರ್ಲಿ. ಆ ದಿನ ಶಿರಾ ಬಸ್ ಸ್ಟ್ಯಾಂಡಲ್ಲಿ ನಾವು ನಾಲ್ಕು ಜನ ನಿಂತಿರಬೇಕು, ಅಷ್ಟೇ. ತಿರುಮಣಿಯ ಆ ತಮ್ಮನಿಗೂ ಫೋನ್ ಮಾಡಿದ್ದೆ. ವಿಷ್ಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಭಾನುವಾರ ನಂಗೆ ರಜ ಅಣ್ಣ. ಶೂ ಇಲ್ಲದೆ ಓಡಿ ರೂಢಿಯಾದೋರಿಗೆ ಸ್ಪೈಕ್ ಹಾಕಿದ್ರೆ ಮೊದಲು ಕಾಲು ನೋಯುತ್ತೆ. ನಾನು ಬಂದು ಹೇಳ್ಕೊಡ್ತೀನಿ" ಅಂದ.

ನಾನು ಎಳ್ಕೊಳ್ಳದೆ ಬಿಟ್ಟವನೇ ಈಗ ಹಗ್ಗ ಹಿಡಿಯೋಕೆ ಬರ್ತಿದಾನೆ. ನೀವೂ ಬನ್ನಿ.

ಜೈಭೀಮ್.